ಕೋಟ್() ಹೋಯಿತು, ಕೋಡ್ ಉಳಿಯಿತು: ಜಾವಾಸ್ಕ್ರಿಪ್ಟ್ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್ ಮೆಥಡ್‌ಗಳ, ಅಂದರೆ ಪಠ್ಯದ (ಸ್ಟ್ರಿಂಗ್) ಮೇಲೆ ಕೆಲಸ ಮಾಡುವ ಸಿದ್ಧ ಆಜ್ಞೆಗಳ ಬಗ್ಗೆ. ಅದರಲ್ಲೂ ಒಂದೇ ಬ್ರೌಸರ್‌ನಲ್ಲಿ ಬದುಕಿದ್ದು ಆಮೇಲೆ ಮಾಯವಾದವುಗಳ ಬಗ್ಗೆ ಹೆಚ್ಚು. ಮೆಥಡ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ವಿವರ ತುಂಬುವ ಪುಟವೊಂದನ್ನು 2012ರ ಸುಮಾರಿಗೆ ಯಾರೋ ಬರೆದುಕೊಟ್ಟಿದ್ದರು. ಹಳೆಯ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಇಷ್ಟು ವರ್ಷ ಚೆನ್ನಾಗಿಯೇ ಓಡಿತು. ಆ ಕಂಪ್ಯೂಟರ್ ಕೆಟ್ಟ ಮೇಲೆ ಹೊಸದರಲ್ಲಿ ಹಾಕಿದರೆ ‘ಸೇವ್’ ಒತ್ತಿದರೂ ಏನೂ ಆಗುವುದಿಲ್ಲ. ದೋಷ ತೋರಿಸುವ ಕನ್ಸೋಲ್ ತೆರೆದರೆ ‘ಕೋಟ್ ಈಸ್ ನಾಟ್ ಎ ಫಂಕ್ಷನ್’ ಎಂದು ಕೆಂಪು ಸಾಲು. ಬರೆದವರು ಸಿಗುತ್ತಿಲ್ಲ. ಏನು ಬದಲಿಸಬೇಕು?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪುಟದಲ್ಲಿ ತಪ್ಪೇನೂ ಹೊಸದಾಗಿ ಹುಟ್ಟಿಲ್ಲ. ಸ್ಟ್ರಿಂಗ್‌ಗಳ ಮೇಲೆ ಕರೆಯುವ ಕೋಟ್() ಎಂಬ ಮೆಥಡ್ ಫೈರ್‌ಫಾಕ್ಸ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಸ್ಪೈಡರ್‌ಮಂಕಿಯಲ್ಲಿ ಮಾತ್ರ ಇತ್ತು. ಭಾಷೆಯ ಮಾನಕವಾದ ಎಕ್ಮಾ-262ರಲ್ಲಿ ಅದು ಎಂದೂ ಸೇರಲಿಲ್ಲ. ಕ್ರೋಮ್, ಸಫಾರಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಯಾವುದರಲ್ಲೂ ಇರಲಿಲ್ಲ. 2015ರ ಮಾರ್ಚ್ ಕೊನೆಗೆ ಬಂದ 37ನೇ ಆವೃತ್ತಿಯಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಕೈಬಿಟ್ಟಿತು. ಹಳೆಯ ಕಂಪ್ಯೂಟರಿನಲ್ಲಿ ಅದಕ್ಕಿಂತ ಹಿಂದಿನ ಆವೃತ್ತಿಯೇ ಕೂತಿದ್ದರಿಂದ ನಿಮಗೆ ಇಷ್ಟು ತಡವಾಗಿ ಗೊತ್ತಾಯಿತು, ಅಷ್ಟೆ.

ಕೋಟ್() ಮಾಡುತ್ತಿದ್ದ ಕೆಲಸ ಸಣ್ಣದು. ಸ್ಟ್ರಿಂಗ್‌ನ ಎರಡೂ ತುದಿಗೆ ಡಬಲ್ ಕೋಟ್ ಚಿಹ್ನೆ ಹಚ್ಚಿ, ಒಳಗಿರುವ ತೊಂದರೆಯ ಅಕ್ಷರಗಳ ಮುಂದೆ ಬ್ಯಾಕ್‌ಸ್ಲ್ಯಾಷ್ ಹಾಕಿ ಕೊಡುತ್ತಿತ್ತು. ಎರಡು ಇಂಚಿನ ಪೈಪ್ ಎಂದು 2" ಅಂತ ತುಂಬಿದ್ದರೆ ಹೊರಬರುತ್ತಿದ್ದುದು "2\"". ಹೊಸ ಸಾಲು, ಟ್ಯಾಬ್, ಬ್ಯಾಕ್‌ಸ್ಲ್ಯಾಷ್ ಎಲ್ಲಕ್ಕೂ ಇದೇ ಉಪಚಾರ. ಅಂದರೆ, ಬಂದ ಫಲಿತಾಂಶವನ್ನು ಹಾಗೇ ಜಾವಾಸ್ಕ್ರಿಪ್ಟ್ ಕೋಡ್ ಒಳಗೆ ಅಂಟಿಸಿದರೆ ಮೂಲ ಸ್ಟ್ರಿಂಗ್ ವಾಪಸು ಸಿಗಬೇಕು.

ಇದಕ್ಕೆ ಬದಲಿ ಎಲ್ಲ ಬ್ರೌಸರ್‌ಗಳಲ್ಲೂ ಇದೆ: ಜೇಸನ್.ಸ್ಟ್ರಿಂಗಿಫೈ(). ಜೇಸನ್ ಎಂದರೆ ಮಾಹಿತಿಯನ್ನು ಪಠ್ಯವಾಗಿ ಬರೆದು ಕಳಿಸುವ ಒಂದು ರೂಪ. ಮೊದಲು ಎಲ್ಲ ಕಡತಗಳಲ್ಲಿ ಚುಕ್ಕಿ, ಕೋಟ್, ತೆರೆದ ಆವರಣ — ಈ ಮೂರನ್ನು ಸೇರಿಸಿ ಹುಡುಕಿ. ಕಾರಣ, ಬರೀ ಕೋಟ್ ಎಂದು ಹುಡುಕಿದರೆ ಬ್ಲಾಕ್‌ಕೋಟ್‌ನಂತಹ ಬೇಡದ್ದೆಲ್ಲ ಬರುತ್ತದೆ. ಜೊತೆಗೆ ಟು-ಸೋರ್ಸ್() ಮತ್ತು ಅನ್‌ಇವಾಲ್() ಇವೆಯೇ ನೋಡಿ. ಇವು ಅದೇ ಮನೆತನದವು. 2020ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 74ರಲ್ಲಿ ಪುಟಗಳಿಗೆ ಸಿಗದಂತಾದವು. ಕೋಟ್() ಸರಿಮಾಡಿದ ಮರುಕ್ಷಣವೇ ಮುಂದಿನ ಎಡವಟ್ಟು ಇವುಗಳಿಂದ ಬರಬಹುದು.

ಸಿಕ್ಕಿದ ಕಡೆಯಲ್ಲೆಲ್ಲ ನೇರವಾಗಿ ಸ್ಟ್ರಿಂಗಿಫೈ ಬರೆಯುವ ಬದಲು ಒಂದು ಸಣ್ಣ ಫಂಕ್ಷನ್ ಮಾಡಿಕೊಳ್ಳಿ. ಅದು ಬಂದ ಮೌಲ್ಯ ಸ್ಟ್ರಿಂಗ್ ಹೌದೇ ಎಂದು ಟೈಪ್‌ಆಫ್‌ನಿಂದ ನೋಡಲಿ, ಅಲ್ಲದಿದ್ದರೆ ಟೈಪ್‌ಎರರ್ ಎಸೆಯಲಿ, ಹೌದಾದರೆ ಸ್ಟ್ರಿಂಗಿಫೈ ಮಾಡಿ ಕೊಡಲಿ. ಈ ತಪಾಸಣೆ ಯಾಕೆಂದರೆ, ಮೌಲ್ಯವೇ ಇಲ್ಲ ಎನ್ನುವ ನಲ್ ಮೇಲೆ, ಅನ್‌ಡಿಫೈನ್ಡ್ ಮೇಲೆ, ಸಂಖ್ಯೆಯ ಮೇಲೆ ಕೋಟ್() ಕರೆದರೆ ಹಿಂದೆ ಅಲ್ಲೇ ದೋಷ ಬಂದು ಕೆಲಸ ನಿಲ್ಲುತ್ತಿತ್ತು. ಸ್ಟ್ರಿಂಗಿಫೈ ಹಾಗಲ್ಲ. ಅದು ನಲ್‌ಗೆ ಕೋಟ್ ಚಿಹ್ನೆ ಇಲ್ಲದ ನಲ್ ಎಂಬ ನಾಲ್ಕಕ್ಷರ ಕೊಡುತ್ತದೆ, 5ಕ್ಕೆ ಬರೀ 5 ಕೊಡುತ್ತದೆ, ಅನ್‌ಡಿಫೈನ್ಡ್‌ಗೆ ಅನ್‌ಡಿಫೈನ್ಡ್ ಅನ್ನೇ ಕೊಡುತ್ತದೆ. ಎಲ್ಲೂ ತಕರಾರಿಲ್ಲ. ತಿಂಗಳು ಕಳೆದ ಮೇಲೆ ಯಾರದೋ ತಂದೆಯ ಹೆಸರಿನ ಜಾಗದಲ್ಲಿ ‘ನಲ್’ ಎಂದು ಮುದ್ರಣವಾಗಿ ಬರುತ್ತದೆ.

ಇನ್ನು ಮುಖ್ಯವಾದದ್ದು: ಕೋಟ್() ಕೊಟ್ಟ ಫಲಿತಾಂಶ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಒಂದೊಂದು ಕಡೆಯೂ ನೋಡಿ. ಸರ್ವರ್‌ಗೆ ಕಳಿಸಲು ಕೈಯಾರೆ ಜೇಸನ್ ಹೊಲಿಯುತ್ತಿದ್ದರೆ, ತುಂಡು ತುಂಡಾಗಿ ಜೋಡಿಸುವುದನ್ನೇ ಬಿಟ್ಟು ಇಡೀ ಆಬ್ಜೆಕ್ಟನ್ನು ಒಂದೇ ಸಲ ಸ್ಟ್ರಿಂಗಿಫೈ ಮಾಡಿ. ಪುಟದ ಸ್ಕ್ರಿಪ್ಟ್ ಟ್ಯಾಗ್ ಒಳಗೆ ಅಚ್ಚಾಗುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್‌ನ ಮುಕ್ತಾಯವನ್ನು ತುಂಬಿದರೆ ಬ್ರೌಸರ್ ಅಲ್ಲಿಗೇ ಸ್ಕ್ರಿಪ್ಟ್ ಮುಗಿಯಿತು ಅಂದುಕೊಳ್ಳುತ್ತದೆ. ಕೋಟ್() ಇದನ್ನು ತಡೆಯುತ್ತಿರಲಿಲ್ಲ, ಸ್ಟ್ರಿಂಗಿಫೈ ಕೂಡ ತಡೆಯುವುದಿಲ್ಲ. ಫಲಿತಾಂಶದಲ್ಲಿರುವ ಪ್ರತಿ < ಚಿಹ್ನೆಯನ್ನೂ ಬ್ಯಾಕ್‌ಸ್ಲ್ಯಾಷ್-ಯು-003ಸಿ ಎಂದು ಬದಲಿಸಿಬಿಡಿ. ಸ್ಟ್ರಿಂಗ್‌ನ ಅರ್ಥ ಬದಲಾಗುವುದಿಲ್ಲ, ಟ್ಯಾಗ್ ಮಾತ್ರ ಮುಚ್ಚಿಕೊಳ್ಳುವುದಿಲ್ಲ.

ಬಟನ್‌ನ ಆನ್‌ಕ್ಲಿಕ್ ಒಳಗೆ ಸ್ಟ್ರಿಂಗ್ ತುರುಕುವ ಚಟ ಆ ಕಾಲದ ಕೋಡ್‌ನಲ್ಲಿ ಬಹಳ. ಆ ಆಟ್ರಿಬ್ಯೂಟ್ ತಾನೇ ಡಬಲ್ ಕೋಟ್‌ನಲ್ಲಿದ್ದರೆ ಒಳಗಿನ ಮೊದಲ ಡಬಲ್ ಕೋಟ್‌ಗೇ ಅದು ಮುಗಿದುಹೋಗುತ್ತದೆ. ಎಚ್‌ಟಿಎಂಎಲ್‌ಗೆ ಬ್ಯಾಕ್‌ಸ್ಲ್ಯಾಷ್ ಲೆಕ್ಕಕ್ಕೇ ಇಲ್ಲ. ಮೌಲ್ಯವನ್ನು ಡೇಟಾ- ಆಟ್ರಿಬ್ಯೂಟ್‌ನಲ್ಲಿ ಇಟ್ಟು, ಆಡ್-ಇವೆಂಟ್-ಲಿಸನರ್ ಮೂಲಕ ಓದಿಕೊಳ್ಳುವುದೇ ಸರಿದಾರಿ.

ಎಕ್ಸೆಲ್‌ಗೆಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಕಡತ ಮಾಡಲು ಕೋಟ್() ಬಳಸಿದ್ದರೆ ಅದು ಮೊದಲಿನಿಂದಲೂ ತಪ್ಪು. ಸಿಎಸ್‌ವಿಯಲ್ಲಿ (ಆರ್‌ಎಫ್‌ಸಿ 4180ರ ಪ್ರಕಾರ) ಒಳಗಿನ ಡಬಲ್ ಕೋಟ್ ಅನ್ನು ಎರಡು ಸಲ ಬರೆಯಬೇಕು, ಬ್ಯಾಕ್‌ಸ್ಲ್ಯಾಷ್ ಹಾಕುವಂತಿಲ್ಲ. ಅದಕ್ಕೆ ಬೇರೆಯೇ ಫಂಕ್ಷನ್ ಬರೆಯಿರಿ: ಪ್ರತಿ " ಅನ್ನು "" ಮಾಡಿ, ಎರಡೂ ತುದಿಗೆ ಒಂದೊಂದು " ಹಚ್ಚಿ. ಕಡತದ ತೀರ ಆರಂಭದಲ್ಲಿ ಬಿಒಎಂ ಅಕ್ಷರ, ಅಂದರೆ ಯುನಿಕೋಡ್ ಎಫ್‌ಇಎಫ್‌ಎಫ್, ಇರಲಿ. ಇಲ್ಲದಿದ್ದರೆ ಎಕ್ಸೆಲ್ ಯುಟಿಎಫ್-8 ಎಂದು ಗುರುತಿಸದೆ ಕನ್ನಡವನ್ನು ಚಿತ್ರವಿಚಿತ್ರ ಚಿಹ್ನೆಗಳಾಗಿ ತೋರಿಸಬಹುದು.

ಪ್ರಶ್ನೆ: ಕೋಟ್() ತೆಗೆದು ಸ್ಟ್ರಿಂಗಿಫೈ ಹಾಕಿದೆವು. ಹೊಸದಾಗಿ ಉಳಿಸಿದ್ದೆಲ್ಲ ಸರಿಯಾಗಿ ತೆರೆಯುತ್ತದೆ. ಹಳೆಯ ದಾಖಲೆಗಳಲ್ಲಿ ಬಹುಪಾಲು, ಅವನ್ನು ಓದಿ ತೆರೆಯುವ ಜೇಸನ್.ಪಾರ್ಸ್‌ಗೆ ಒಪ್ಪಿಗೆಯಾಗುತ್ತವೆ, ಕೆಲವಕ್ಕೆ ಮಾತ್ರ ‘ಬ್ಯಾಡ್ ಎಸ್ಕೇಪ್ಡ್ ಕ್ಯಾರೆಕ್ಟರ್’ ಎನ್ನುತ್ತದೆ. ಎರಡೂ ಒಂದೇ ಅಂದುಕೊಂಡಿದ್ದೆವು.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಂದೇ ಅಲ್ಲ, ಹತ್ತಿರದವು. ಕೋಟ್() ಬರೆಯುತ್ತಿದ್ದುದು ಜಾವಾಸ್ಕ್ರಿಪ್ಟ್ ಸ್ಟ್ರಿಂಗ್; ಜೇಸನ್‌ನ ನಿಯಮ ಅದಕ್ಕಿಂತ ಬಿಗಿ. ಕೋಟ್() ಸಾಮಾನ್ಯ ಆಸ್ಕಿ ಅಕ್ಷರಗಳ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ) ಹೊರಗಿನ ಎಲ್ಲವನ್ನೂ ಸಂಕೇತಕ್ಕೆ ಇಳಿಸುತ್ತಿತ್ತು, ಅದರಲ್ಲೂ ಎರಡು ಬಗೆ. ಸಂಕೇತಸಂಖ್ಯೆ 256ಕ್ಕಿಂತ ಕಡಿಮೆ ಇದ್ದರೆ ಬ್ಯಾಕ್‌ಸ್ಲ್ಯಾಷ್-ಎಕ್ಸ್ ಮತ್ತು ಎರಡು ಹೆಕ್ಸ್ (16ರ ಆಧಾರದ) ಅಂಕಿ. ಅದಕ್ಕೆ ಮೇಲ್ಪಟ್ಟರೆ ಬ್ಯಾಕ್‌ಸ್ಲ್ಯಾಷ್-ಯು ಮತ್ತು ನಾಲ್ಕು ಅಂಕಿ. ‘ಕ’ ಬರೆದರೆ \ಯು0ಸಿ95 ಆಗುತ್ತಿತ್ತು. ಇದು ಜೇಸನ್‌ಗೂ ಒಪ್ಪಿಗೆ, ಹಾಗಾಗಿ ಅಪ್ಪಟ ಕನ್ನಡ ದಾಖಲೆಗಳು ತೆರೆಯುತ್ತವೆ. ರೂಪಾಯಿ ಚಿಹ್ನೆ ₹ ಕೂಡ \ಯು20ಬಿ9, ತೊಂದರೆ ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಅರ್ಧ ಎಕರೆಯ ½, ಡಿಗ್ರಿಯ °, ವರ್ಡ್‌ನಿಂದ ಕಾಪಿ ಮಾಡಿದಾಗ ನುಸುಳುವ ಮುರಿಯದ ಸ್ಪೇಸ್ — ಇಂಥವು. ½ ಅನ್ನು ಕೋಟ್() \ಎಕ್ಸ್‌ಬಿಡಿ ಎಂದು ಬರೆದಿಟ್ಟಿರುತ್ತದೆ. ಜೇಸನ್‌ನಲ್ಲಿ \ಎಕ್ಸ್ ಎಂಬುದೇ ಇಲ್ಲ. ವರ್ಟಿಕಲ್ ಟ್ಯಾಬ್‌ಗೆ ಬಳಸುವ \ವಿ ಕೂಡ ಇಲ್ಲ.

ಕೆಲವರು ಇದಕ್ಕೆ ಇವಾಲ್() ಹಾಕಿ ಮುಗಿಸಲು ಹೇಳುತ್ತಾರೆ. ಮಾಡಬೇಡಿ, ದಾಖಲೆಯಲ್ಲಿರುವುದೆಲ್ಲ ಪ್ರೋಗ್ರಾಮ್ ಆಗಿ ಓಡುತ್ತದೆ.

ಪಾರ್ಸ್ ಮಾಡುವ ಮುನ್ನ ಒಂದು ಸಲ ಸೋಸಿದರೆ ಸಾಕು. \ಎಕ್ಸ್ ಅನ್ನು \ಯು00 ಎಂದೂ, \ವಿ ಅನ್ನು \ಯು000ಬಿ ಎಂದೂ ಬದಲಿಸಬೇಕು. ಆದರೆ ಕುರುಡಾಗಿ ಹುಡುಕಿ ಬದಲಿಸಿದರೆ ಇನ್ನೊಂದು ಕೆಡುತ್ತದೆ: ವಿಂಡೋಸ್‌ನ ಕಡತದ ದಾರಿ ಉಳಿಸಿದ್ದರೆ ಅಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಆದ ಮೇಲೆ ಎಕ್ಸ್ ಬಂದಿರಬಹುದು, ಅದು ನಿಜವಾದ ಎಕ್ಸ್ ಅಕ್ಷರ. ಆದ್ದರಿಂದ ಹುಡುಕಾಟದ ಮಾದರಿ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಪ್ರತಿ ಬ್ಯಾಕ್‌ಸ್ಲ್ಯಾಷನ್ನೂ ಅದರ ಮುಂದಿನದರ ಜೊತೆ ಜೋಡಿಯಾಗಿ ಹಿಡಿಯಬೇಕು. ಬ್ಯಾಕ್‌ಸ್ಲ್ಯಾಷ್ ಆದ ಮೇಲೆ ಮೂರು ಆಯ್ಕೆ ಕೊಡಿ: ಎಕ್ಸ್ ಮತ್ತು ಎರಡು ಹೆಕ್ಸ್ ಅಂಕಿ, ಅಥವಾ ವಿ, ಅಥವಾ ಬೇರಾವುದೇ ಒಂದು ಅಕ್ಷರ. ಸಿಕ್ಕ ಕಡೆಯೆಲ್ಲ ಬದಲಿಸಲು ಜಿ ಫ್ಲ್ಯಾಗ್ ಇರಲಿ. ಬದಲಿಸುವ ಫಂಕ್ಷನ್ ಮೊದಲೆರಡನ್ನು ಮೇಲಿನಂತೆ ಬದಲಿಸಿ, ಮೂರನೆಯದನ್ನು ಇದ್ದಹಾಗೇ ವಾಪಸು ಕೊಡಲಿ. ಎಡದಿಂದ ಬಲಕ್ಕೆ ಜೋಡಿ ಜೋಡಿಯಾಗಿ ನುಂಗುತ್ತ ಹೋಗುವುದರಿಂದ ಎರಡು ಬ್ಯಾಕ್‌ಸ್ಲ್ಯಾಷ್‌ಗಳ ಜೋಡಿ ತನ್ನ ಪಾಡಿಗೆ ದಾಟುತ್ತದೆ, ಅದರಾಚೆಯ ಎಕ್ಸ್ ಸುರಕ್ಷಿತ.

ಹೊಸ ಪುಟ ಕೊಡುವ ಫಲಿತಾಂಶವೂ ಹಳೆಯದರಂತೆ ಆಸ್ಕಿಯಲ್ಲೇ ಇರಬೇಕು ಎಂಬ ಒತ್ತಾಯ ನಿಮ್ಮ ಸರ್ವರ್‌ನದ್ದಾಗಿದ್ದರೆ ಅದೂ ಸಾಧ್ಯ. ಸ್ಟ್ರಿಂಗಿಫೈ ಕನ್ನಡವನ್ನು ಕನ್ನಡವಾಗಿಯೇ ಬಿಡುತ್ತದೆ. ಅದರ ಫಲಿತಾಂಶದಲ್ಲಿ ಆಸ್ಕಿಯ ಹೊರಗಿನ ಒಂದೊಂದು ಯೂನಿಟ್ಟನ್ನೂ ಚಾರ್‌ಕೋಡ್‌ಆಟ್‌ನಿಂದ ಸಂಖ್ಯೆಯಾಗಿಸಿ, 16ರ ಆಧಾರದಲ್ಲಿ ಬರೆದು, ಮುಂದೆ \ಯು ಸೇರಿಸಬೇಕು. ಇಲ್ಲಿ ಕನ್ನಡದವರಿಗೇ ಕಾದಿರುವ ಗುಂಡಿಯೊಂದಿದೆ. ಕನ್ನಡದ ಯುನಿಕೋಡ್ ಬ್ಲಾಕ್ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಟು-ಸ್ಟ್ರಿಂಗ್(16) ಮುಂದಿನ ಸೊನ್ನೆಯನ್ನು ಬಿಟ್ಟು ಸಿ95 ಎಂದು ಮೂರೇ ಅಂಕಿ ಕೊಡುತ್ತದೆ. ಹೀಗಾಗಿ ಪ್ರತಿ ಅಕ್ಷರವೂ ಮುರಿಯುತ್ತದೆ. ಚೀನಿ ಲಿಪಿಯಲ್ಲಿ ಪರೀಕ್ಷೆ ಮಾಡಿದವನ ಕೋಡ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ನಾಲ್ಕು ಅಂಕಿ ತಾನಾಗಿಯೇ ಬರುತ್ತದೆ. ನಾಲ್ಕು ಅಂಕಿಯಾಗುವವರೆಗೆ ಮುಂದೆ ಸೊನ್ನೆ ತುಂಬುವ ಪ್ಯಾಡ್‌ಸ್ಟಾರ್ಟ್(4, "0") ಹಾಕಲು ಮರೆಯಬೇಡಿ. ಗಾತ್ರದ ಲೆಕ್ಕವೂ ಇರಲಿ: ಯುಟಿಎಫ್-8ರಲ್ಲಿ ಕನ್ನಡದ ಒಂದು ಯೂನಿಟ್ 3 ಬೈಟ್, ಸಂಕೇತ ರೂಪದಲ್ಲಿ 6. ದಾಖಲೆ ಇಮ್ಮಡಿಯಾಗುತ್ತದೆ. ಸರ್ವರ್ ಕೇಳದಿದ್ದರೆ ಈ ಉಸಾಬರಿ ಬೇಡ.

ಒಂದು ವಿಷಯದಲ್ಲಿ ಮಾತ್ರ ಕೋಟ್() ಹೋದದ್ದು ನಷ್ಟವೇ. ಕಣ್ಣಿಗೆ ಕಾಣದ ಅಕ್ಷರಗಳನ್ನು ಅದು ಬಯಲಿಗೆಳೆಯುತ್ತಿತ್ತು. ‘ರಾಜ್‌ಕುಮಾರ’ ಎಂದು ಜ್ ಮತ್ತು ಕು ಬಿಡಿಸಿ ಬರೆಯಲು ನಡುವೆ ಇಡುವ ಶೂನ್ಯಗಲದ ವಿಭಾಜಕ \ಯು200ಸಿ ಎಂದು ಢಾಳಾಗಿ ಕಾಣುತ್ತಿತ್ತು. ಸ್ಟ್ರಿಂಗಿಫೈಯಲ್ಲಿ ಅದು ಅದೃಶ್ಯವಾಗಿಯೇ ಉಳಿಯುತ್ತದೆ. ಎರಡು ಹೆಸರು ಒಂದೇ ತರ ಕಂಡರೂ ಸಮ ಎಂದು ಬರದಿದ್ದಾಗ, ಅರೇ.ಫ್ರಮ್ ಬಳಸಿ ಒಂದೊಂದು ಅಕ್ಷರದ ಕೋಡ್‌ಪಾಯಿಂಟ್‌ಆಟ್(0) ಅನ್ನು ಹೆಕ್ಸ್‌ನಲ್ಲಿ ಸಾಲಾಗಿ ಮುದ್ರಿಸಿ ನೋಡಿ.

ಪ್ರಶ್ನೆ: ಮೊತ್ತದಲ್ಲಿನ ಅಲ್ಪವಿರಾಮ ತೆಗೆಯಲು ರಿಪ್ಲೇಸ್(",", "", "ಜಿ") ಎಂದು ಬರೆದ ಕೋಡ್ ಇದೆ. ದೋಷವೇನೂ ತೋರಿಸುವುದಿಲ್ಲ, ಆದರೆ 1,25,000 ಎಂದು ತುಂಬಿದರೆ 125 ಎಂದು ಲೆಕ್ಕ ಹಿಡಿಯುತ್ತದೆ. 25,000ಕ್ಕೆ ಸರಿಯಾಗಿಯೇ ಬರುತ್ತದೆ!
— ಲೆಕ್ಕಪತ್ರ ವಿಭಾಗದ ಓದುಗರು, ಹುಬ್ಬಳ್ಳಿ

ಉತ್ತರ: ಕೋಟ್() ಆದರೂ ವಾಸಿ, ಕೂಗಿಕೊಂಡು ಸಾಯುತ್ತದೆ. ಇದು ಸದ್ದಿಲ್ಲದೆ ಕೊಲ್ಲುವ ಜಾತಿ. ರಿಪ್ಲೇಸ್‌ಗೆ ಮೂರನೆಯ ಆರ್ಗ್ಯುಮೆಂಟ್ ಆಗಿ ಫ್ಲ್ಯಾಗ್ ಕೊಡುವುದೂ ಫೈರ್‌ಫಾಕ್ಸ್‌ನ ಸ್ವಂತ ಸವಲತ್ತಾಗಿತ್ತು. 49ನೇ ಆವೃತ್ತಿಯಲ್ಲಿ ಅದನ್ನೂ ತೆಗೆದರು. ಹೆಚ್ಚುವರಿ ಆರ್ಗ್ಯುಮೆಂಟ್ ಕೊಟ್ಟರೆ ಜಾವಾಸ್ಕ್ರಿಪ್ಟ್ ಗೊಣಗುವುದಿಲ್ಲ, ಕಡೆಗಣಿಸುತ್ತದೆ. ಹಾಗಾಗಿ ಮೊದಲ ಅಲ್ಪವಿರಾಮ ಮಾತ್ರ ಹೋಗಿ 125,000 ಉಳಿಯುತ್ತದೆ. ಪಾರ್ಸ್‌ಫ್ಲೋಟ್ ಮುಂದಿನ ಅಲ್ಪವಿರಾಮ ಕಂಡಲ್ಲಿಗೆ ಓದುವುದನ್ನು ನಿಲ್ಲಿಸಿ 125 ಕೊಡುತ್ತದೆ. ಲಕ್ಷಕ್ಕೆ ಮೇಲ್ಪಟ್ಟ ಮೊತ್ತದಲ್ಲಿ ಎರಡು ಅಲ್ಪವಿರಾಮ, ಸಾವಿರಗಳಲ್ಲಿ ಒಂದೇ — ನಿಮ್ಮ ಪರೀಕ್ಷೆಯ ಮೊತ್ತಗಳು ಸಣ್ಣವಿದ್ದರೆ ದೋಷ ಕಾಣುವುದೇ ಇಲ್ಲ.

ರಿಪ್ಲೇಸ್‌ಆಲ್(",", "") ಎಂದು ಬದಲಿಸಿ. ಇದು 2021ರ ಮಾನಕದಲ್ಲಿ ಸೇರಿದೆ. ಕ್ರೋಮ್ 85, ಫೈರ್‌ಫಾಕ್ಸ್ 77, ಸಫಾರಿ 13.1ರಿಂದ ಇದೆ. ಅದಕ್ಕಿಂತ ಹಳೆಯ ಬ್ರೌಸರ್ ಇದ್ದರೆ ಜಿ ಫ್ಲ್ಯಾಗ್ ಇರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕು. ಜೊತೆಗೆ ಪಾರ್ಸ್‌ಫ್ಲೋಟ್ ತೆಗೆದು ನಂಬರ್() ಹಾಕಿ: 125,000 ಎಂಬುದು ಸಿಕ್ಕರೆ ಅದು ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು) ಕೊಡುತ್ತದೆ, ಅರ್ಧಂಬರ್ಧ ಓದಿ ಸುಮ್ಮನಾಗುವುದಿಲ್ಲ. ಆದರೆ ಖಾಲಿ ಸ್ಟ್ರಿಂಗ್‌ಗೆ ನಂಬರ್() 0 ಕೊಡುತ್ತದೆ. ಖಾಲಿ ಇದೆಯೇ ಎಂಬುದನ್ನು ಮೊದಲೇ ಬೇರೆಯಾಗಿ ನೋಡಿಕೊಳ್ಳಿ.

ಬದಲಿ ಪಠ್ಯ ಬಳಕೆದಾರರು ಟೈಪ್ ಮಾಡಿದ್ದಾಗಿದ್ದರೆ ಇನ್ನೊಂದು ಸೂಕ್ಷ್ಮ. ಅದರಲ್ಲಿ $ ಆದ ಮೇಲೆ & ಬಂದರೆ ಸಿಕ್ಕ ಪಠ್ಯವನ್ನೇ ಅಲ್ಲಿ ತುಂಬುತ್ತದೆ, $$ ಬಂದರೆ ಒಂದು $ ಆಗುತ್ತದೆ. ರಿಪ್ಲೇಸ್‌ಆಲ್‌ಗೂ ಇದೇ ನಿಯಮ. ಪಠ್ಯದ ಬದಲು ಅದನ್ನು ಹಿಂತಿರುಗಿಸುವ ಫಂಕ್ಷನ್ ಕೊಟ್ಟರೆ $ಗೆ ಯಾವ ವಿಶೇಷಾರ್ಥವೂ ಇರುವುದಿಲ್ಲ.

ಪ್ರಶ್ನೆ: ಒಂದು ಪಠ್ಯದೊಳಗೆ ಇನ್ನೊಂದು ಇದೆಯೇ ಎಂದು ನೋಡುವ ಕಂಟೇನ್ಸ್() ಹೋಗಿ ಇನ್‌ಕ್ಲೂಡ್ಸ್() ಬಂದದ್ದು ಯಾಕೆ? ಹಳೆಯ ಕೋಡ್ ಮುಟ್ಟದೆ, ಇಲ್ಲದ ಮೆಥಡ್‌ಗಳನ್ನು, ಎಲ್ಲ ಸ್ಟ್ರಿಂಗ್‌ಗಳೂ ಮೆಥಡ್ ಪಡೆಯುವ ಸ್ಟ್ರಿಂಗ್.ಪ್ರೊಟೊಟೈಪ್‌ಗೆ ನಾವೇ ಸೇರಿಸಿಕೊಂಡರೆ ಆಗದೆ?
— ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೇ ಎರಡನೆಯದಕ್ಕೂ ಉತ್ತರ. ಮೂಟೂಲ್ಸ್ ಎಂಬ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ತನ್ನದೇ ಕಂಟೇನ್ಸ್() ಅನ್ನು ಪ್ರೊಟೊಟೈಪ್‌ಗೆ ಸೇರಿಸುತ್ತಿತ್ತು. ಅದರ 1.2ನೇ ಆವೃತ್ತಿ ಸಭ್ಯವಾಗಿ ‘ಈಗಾಗಲೇ ಇದೆಯೇ’ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸುತ್ತಿತ್ತು. ಫೈರ್‌ಫಾಕ್ಸ್ 17ರಲ್ಲಿ ಬ್ರೌಸರೇ ಕಂಟೇನ್ಸ್() ತಂದಾಗ ಮೂಟೂಲ್ಸ್ ‘ಇದೆಯಲ್ಲ’ ಎಂದು ಸುಮ್ಮನಾಯಿತು. ಆದರೆ ಎರಡರ ಎರಡನೆಯ ಆರ್ಗ್ಯುಮೆಂಟ್ ಬೇರೆ: ಮೂಟೂಲ್ಸ್‌ನಲ್ಲಿ ಅದು ಪದಗಳ ನಡುವಿನ ವಿಭಾಜಕ, ಬ್ರೌಸರ್‌ನಲ್ಲಿ ಹುಡುಕಾಟ ಆರಂಭಿಸುವ ಸ್ಥಾನ. ಸೈಟುಗಳು ಮುರಿದವು. 17ರಲ್ಲಿ ಅದನ್ನು ನಿಲ್ಲಿಸಿ, 18ರಲ್ಲಿ ಮತ್ತೆ ತಂದು, ಕೊನೆಗೆ ಮಾನಕದವರೇ ಹೆಸರನ್ನು ಇನ್‌ಕ್ಲೂಡ್ಸ್ ಎಂದು ಬದಲಿಸಿದರು. ಫೈರ್‌ಫಾಕ್ಸ್ 40ರಲ್ಲಿ ಹೊಸ ಹೆಸರು ಬಂತು, 48ರಲ್ಲಿ ಹಳೆಯದು ಹೋಯಿತು. ಒಂದು ಲೈಬ್ರರಿಯ ಸಲುವಾಗಿ ಭಾಷೆಯೇ ಹೆಸರು ಬದಲಿಸಿಕೊಂಡಿತು.

ಅಂದರೆ ‘ಇಲ್ಲದಿದ್ದರೆ ಮಾತ್ರ ಸೇರಿಸು’ ಎಂಬ ಎಚ್ಚರ ಮಾನಕದಲ್ಲಿ ಈಗಾಗಲೇ ಇರುವ, ನಡವಳಿಕೆ ನಿಗದಿಯಾದ ಮೆಥಡ್‌ಗಳಿಗೆ ಸರಿ. ಹಳೆಯ ಬ್ರೌಸರ್‌ಗೆ ಇನ್‌ಕ್ಲೂಡ್ಸ್ ತುಂಬಿಕೊಡುವುದು ಅಂಥದ್ದು. ನಿಮ್ಮ ಕಲ್ಪನೆಯ ಹೆಸರಿಗೆ ಆ ಎಚ್ಚರವೇ ಅಪಾಯ. ನಾಳೆ ಅದೇ ಹೆಸರು ಬೇರೆ ಅರ್ಥದಲ್ಲಿ ಬಂದರೆ ನಿಮ್ಮದು ಸದ್ದಿಲ್ಲದೆ ಬದಿಗೆ ಸರಿಯುತ್ತದೆ. ಸಾದಾ ಫಂಕ್ಷನ್ ಬರೆಯಿರಿ. ಸಾವಿರ ಕಡೆ ಕರೆದಿರುವ ಕೋಟ್() ಅನ್ನು ಒಂದು ವಾರದ ಮಟ್ಟಿಗೆ ತಡೆಹಿಡಿಯಬೇಕಾದರೆ ಮಾತ್ರ ಆಬ್ಜೆಕ್ಟ್.ಡಿಫೈನ್‌ಪ್ರಾಪರ್ಟಿ ಮೂಲಕ, ಎನ್ಯೂಮರಬಲ್ ಫಾಲ್ಸ್ ಇರುವಂತೆ ಸೇರಿಸಿ. ಬರೀ ಸಮಚಿಹ್ನೆಯಿಂದ ಸೇರಿಸಿದರೆ ಫಾರ್-ಇನ್ ಲೂಪ್‌ಗಳಲ್ಲಿ ಅದೂ ಒಂದು ಪ್ರಾಪರ್ಟಿಯಾಗಿ ತಲೆ ಹಾಕುತ್ತದೆ.

ಇನ್‌ಕ್ಲೂಡ್ಸ್ ಬಳಸುವ ಕನ್ನಡಿಗರಿಗೆ ಒಂದು ಮಾತು. ‘ಕೋ’ ಎಂಬುದನ್ನು ಯುನಿಕೋಡ್‌ನಲ್ಲಿ ‘ಕ’ ಮತ್ತು ಒಂದೇ ಓಕಾರದ ಚಿಹ್ನೆಯಾಗಿ (0ಸಿಸಿಬಿ) ಬರೆಯಬಹುದು, ಅಥವಾ ಅದೇ ಚಿಹ್ನೆಯನ್ನು ಮೂರು ಬಿಡಿಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಇನ್‌ಕ್ಲೂಡ್ಸ್‌ಗೆ ಬೇರೆ ಬೇರೆ. ‘ಕೀ’ ಕೂಡ ಹೀಗೆಯೇ. ಬರೆದ ರೂಪ ಒಂದೇ ಆಗುವಂತೆ ಹುಡುಕುವ ಮುನ್ನ ಎರಡೂ ಕಡೆ ನಾರ್ಮಲೈಸ್("ಎನ್‌ಎಫ್‌ಸಿ") ಮಾಡಿ. ಶೂನ್ಯಗಲದ ಅಕ್ಷರಗಳನ್ನು ಅದು ತೆಗೆಯುವುದಿಲ್ಲ. ಹೋಲಿಕೆಗೆಂದು ಬೇರೆಯೇ ಕೀಲಿ ಸ್ಟ್ರಿಂಗ್ ಮಾಡಿಕೊಂಡು ಅದರಲ್ಲಿ 200ಸಿ (ವಿಭಾಜಕ), 200ಡಿ (ಸಂಯೋಜಕ) ಎರಡನ್ನೂ ಅಳಿಸಿ. ಮೂಲ ಹೆಸರನ್ನು ಮುಟ್ಟಬೇಡಿ, ‘ರ‍್ಯಾಂಕ್’ ಎಂಬುದು ಸರಿಯಾಗಿ ಮೂಡಲು 200ಡಿ ಬೇಕೇ ಬೇಕು.

ಪ್ರಶ್ನೆ: ಟ್ರಿಮ್‌ಲೆಫ್ಟ್, ಸಬ್‌ಸ್ಟ್ರ್, ಬೋಲ್ಡ್(), ಫಾಂಟ್‌ಕಲರ್() ಇವನ್ನೂ ಈಗಲೇ ಕಿತ್ತುಹಾಕಬೇಕೆ?
— ಓದುಗರು, ದಾವಣಗೆರೆ

ಉತ್ತರ: ಅವಸರವಿಲ್ಲ. ಇವೆಲ್ಲ ಮಾನಕದ ಅನುಬಂಧ ಬಿಯಲ್ಲಿವೆ. ಬ್ರೌಸರ್‌ಗಳು ಇವನ್ನು ಕೊಡಲೇಬೇಕು, ಹೊಸ ಕೋಡ್‌ನಲ್ಲಿ ಬಳಸಬೇಡಿ ಎನ್ನುವುದು ಅದರ ಧಾಟಿ. ಕೋಟ್()ನಂತೆ ಬೆಳಗಾಗುವಷ್ಟರಲ್ಲಿ ಮಾಯವಾಗುವುದಿಲ್ಲ. ಆರಂಭದ ಖಾಲಿ ಜಾಗ ತೆಗೆಯುವ ಟ್ರಿಮ್‌ಲೆಫ್ಟ್ ಈಗ 2019ರ ಮಾನಕದ ಟ್ರಿಮ್‌ಸ್ಟಾರ್ಟ್‌ನ ಇನ್ನೊಂದು ಹೆಸರು ಮಾತ್ರ. ಎರಡೂ ಅದೇ ಫಂಕ್ಷನ್.

ಬೋಲ್ಡ್, ಫಾಂಟ್‌ಕಲರ್, ಲಿಂಕ್ ಮುಂತಾದವುಗಳನ್ನು ಮಾತ್ರ ಬಳಕೆದಾರರ ಪಠ್ಯದ ಮೇಲೆ ಕರೆಯುತ್ತಿದ್ದರೆ ಇಂದೇ ತೆಗೆಯಿರಿ. ಅವು ಸುತ್ತ ಟ್ಯಾಗ್ ಹಚ್ಚುತ್ತವೆ, ಒಳಗಿನ ಪಠ್ಯವನ್ನು ಎಸ್ಕೇಪ್ ಮಾಡುವುದಿಲ್ಲ (ಅದರಲ್ಲಿನ ವಿಶೇಷ ಚಿಹ್ನೆಗಳನ್ನು ನಿರಪಾಯ ಮಾಡುವುದಿಲ್ಲ). ಯಾರಾದರೂ ಹೆಸರಿನಲ್ಲಿ ಟ್ಯಾಗ್ ತುಂಬಿದರೆ ಅದು ಪುಟದಲ್ಲಿ ಜೀವಂತವಾಗುತ್ತದೆ. ಟೆಕ್ಸ್ಟ್‌ಕಂಟೆಂಟ್ ಮತ್ತು ಒಂದು ಸಿಎಸ್‌ಎಸ್ ಕ್ಲಾಸ್ ಸಾಕು. ಬ್ಲಿಂಕ್() ಈಗಲೂ ಬ್ಲಿಂಕ್ ಟ್ಯಾಗ್ ಕಟ್ಟಿಕೊಡುತ್ತದೆ. ಮಿನುಗಿಸುವ ಬ್ರೌಸರ್ ಇಲ್ಲ, ಫೈರ್‌ಫಾಕ್ಸ್ 2013ರಲ್ಲೇ 23ನೇ ಆವೃತ್ತಿಯಲ್ಲಿ ಅದನ್ನು ಬಿಟ್ಟಿತು.

ಪ್ರಶ್ನೆ: ಗುರುತಿನ ಚೀಟಿಯಲ್ಲಿ ಹೆಸರು ಉದ್ದವಾದರೆ ಸಬ್‌ಸ್ಟ್ರ್‌ನಿಂದ ಕತ್ತರಿಸುತ್ತೇವೆ. ಇಂಗ್ಲಿಷ್ ಹೆಸರು ಸರಿ, ಕನ್ನಡದ್ದು ಅರ್ಧಕ್ಕೆ ನಿಂತು ವಿಕಾರವಾಗುತ್ತದೆ. ಸ್ಲೈಸ್‌ಗೆ ಬದಲಿಸಿದರೆ ಸರಿಹೋದೀತೆ?
— ಶಾಲಾ ಕಚೇರಿಯ ಓದುಗರು, ಕಲಬುರಗಿ

ಉತ್ತರ: ಸ್ಲೈಸ್‌ನಿಂದ ಕನ್ನಡ ಸರಿಹೋಗದು, ಮೇಲಾಗಿ ಬದಲಿಸುವಾಗ ಹೊಸ ದೋಷ ಹುಟ್ಟಬಹುದು. ಸಬ್‌ಸ್ಟ್ರ್‌ನ ಎರಡನೆಯ ಅಂಕಿ ಉದ್ದ, ಸ್ಲೈಸ್‌ನದ್ದು ಕೊನೆಯ ಸ್ಥಾನ. ಹಾಗಾಗಿ ಆರಂಭಕ್ಕೆ ಉದ್ದ ಕೂಡಿಸಿ ಬರೆಯುತ್ತಾರೆ. ಆರಂಭ ಋಣಸಂಖ್ಯೆಯಾದಾಗ ಇದು ಕೈಕೊಡುತ್ತದೆ: ಖಾತೆಯ ಕೊನೆಯ ನಾಲ್ಕು ಅಂಕಿಗೆ ಸಬ್‌ಸ್ಟ್ರ್(-4, 4) ಇದ್ದದ್ದು ಸ್ಲೈಸ್(-4, 0) ಆಗಿ ಖಾಲಿ ಸ್ಟ್ರಿಂಗ್ ಬರುತ್ತದೆ. ಅಲ್ಲಿ ಸ್ಲೈಸ್(-4) ಎಂದಷ್ಟೇ ಬರೆಯಿರಿ.

ಕನ್ನಡದ ತೊಂದರೆ ಬೇರೆ. ಈ ಮೆಥಡ್‌ಗಳೆಲ್ಲ ಎಣಿಸುವುದು ಯುಟಿಎಫ್-16 ಯೂನಿಟ್‌ಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ‘ಕನ್ನಡ’ದ ಲೆಂತ್ 5. ‘ಲಕ್ಷ್ಮೀ’ ನಮಗೆ ಎರಡಕ್ಷರ, ಜಾವಾಸ್ಕ್ರಿಪ್ಟ್‌ಗೆ 7. ‘ಕೃಷ್ಣ’ದ ಮೊದಲ ನಾಲ್ಕು ತೆಗೆದರೆ ‘ಕೃಷ್’ ಉಳಿಯುತ್ತದೆ.

ಪಠ್ಯವನ್ನು ತುಂಡರಿಸುವ ಇಂಟ್ಲ್.ಸೆಗ್ಮೆಂಟರ್ ಅನ್ನು ಗ್ರಾಫೀಮ್ (ಕಣ್ಣಿಗೆ ಕಾಣುವ ಅಕ್ಷರ) ಹಂತದಲ್ಲಿ ಬಳಸಿದರೆ ಕಾಗುಣಿತದ ಚಿಹ್ನೆಗಳು ವ್ಯಂಜನದಿಂದ ಬೇರ್ಪಡುವುದಿಲ್ಲ. ಕ್ರೋಮ್ 87, ಸಫಾರಿ 14.1, ಫೈರ್‌ಫಾಕ್ಸ್ 125ರಿಂದ ಇದು ಇದೆ. ಒತ್ತಕ್ಷರದ ನಡುವೆ ಮಾತ್ರ ಅದು ತುಂಡು ಮಾಡಬಹುದು. ಅದಕ್ಕೆ ನೀವೇ ಒಂದು ಹೆಜ್ಜೆ ಸೇರಿಸಿ: ಒಂದು ತುಂಡು ಹಲಂತ ಚಿಹ್ನೆಯಿಂದ (0ಸಿಸಿಡಿ) ಮುಗಿದು, ಮುಂದಿನದು ಕನ್ನಡ ವ್ಯಂಜನದಿಂದ ಆರಂಭವಾದರೆ ಎರಡನ್ನೂ ಅಂಟಿಸಿ. ‘ರಾಮ್ ಕುಮಾರ್’ನಲ್ಲಿ ಹಲಂತದ ಮುಂದೆ ಸ್ಪೇಸ್ ಇರುವುದರಿಂದ ಅಂಟುವುದಿಲ್ಲ. ‘ರಾಜ್‌ಕುಮಾರ’ದಲ್ಲಿ ತುಂಡು ಮುಗಿಯುವುದು ಶೂನ್ಯಗಲದ ವಿಭಾಜಕದಿಂದ, ಆದ್ದರಿಂದ ಅಲ್ಲೂ ಅಂಟುವುದಿಲ್ಲ, ಹಾಗೇ ಆಗಬೇಕಾದ್ದು. ಹೀಗೆ ಸಿಕ್ಕ ಅಕ್ಷರಗಳಲ್ಲಿ ಬೇಕಾದಷ್ಟನ್ನು ತೆಗೆದು ಜೋಡಿಸಿ. ಚೀಟಿಯಲ್ಲಿ ಜಾಗದ ಅಗಲವೇ ಮುಖ್ಯವಾದರೆ ಎಣಿಸುವುದೇ ಬೇಡ. ‘ಕ್ಷ್ಮೀ’ಯ ಅಗಲ ‘ರ’ದ ಅಗಲಕ್ಕೆ ಸಮವಲ್ಲ; ಸಿಎಸ್‌ಎಸ್‌ನ ಟೆಕ್ಸ್ಟ್-ಓವರ್‌ಫ್ಲೋ: ಎಲಿಪ್ಸಿಸ್‌ಗೆ ಬಿಡಿ.

ಪ್ರಶ್ನೆ: ಹುಡುಕಾಟದ ಕೊಂಡಿಯಲ್ಲಿ ಕನ್ನಡ ಪದ ಕಳಿಸಲು ಎಸ್ಕೇಪ್() ಬಳಸಿದ್ದೇವೆ. ಸರ್ವರ್ ಅರ್ಥವಾಗಲಿಲ್ಲ ಎನ್ನುತ್ತದೆ.
— ಓದುಗರು, ಮಂಗಳೂರು

ಉತ್ತರ: ಎಸ್ಕೇಪ್() ಕೂಡ ಅನುಬಂಧ ಬಿಯದ್ದೇ, ಓಡುತ್ತದೆ. ಆದರೆ ‘ಕ’ವನ್ನು ಅದು %ಯು0ಸಿ95 ಎಂದು ಬರೆಯುತ್ತದೆ, ಯುಆರ್‌ಎಲ್ ಮಾನಕಗಳಲ್ಲಿ %ಯು ಎಂಬ ರೂಪವೇ ಇಲ್ಲ. ಎನ್‌ಕೋಡ್-ಯುಆರ್‌ಐ-ಕಾಂಪೊನೆಂಟ್() ಅದನ್ನೇ ಯುಟಿಎಫ್-8ರ ಮೂರು ಬೈಟ್‌ಗಳಾಗಿ, %ಇ0%ಬಿ2%95 ಎಂದು ಕೊಡುತ್ತದೆ. ಸರ್ವರ್‌ಗೆ ಬೇಕಾದದ್ದು ಇದು. ಪೂರ್ತಿ ಕೊಂಡಿಗಲ್ಲ, ಹುಡುಕುವ ಪದಕ್ಕೆ ಮಾತ್ರ ಹಾಕಿ. ಜನ ಬುಕ್‌ಮಾರ್ಕ್ ಮಾಡಿಟ್ಟ ಹಳೆಯ ಕೊಂಡಿಗಳು ಇನ್ನೂ %ಯು ಹೊತ್ತು ಬರುತ್ತವೆ, ಅವನ್ನು ಡಿಕೋಡ್-ಯುಆರ್‌ಐ-ಕಾಂಪೊನೆಂಟ್‌ಗೆ ಕೊಟ್ಟರೆ ಯುಆರ್‌ಐ-ಎರರ್ ಎಸೆಯುತ್ತದೆ. ಪದದಲ್ಲಿ %ಯು ಮತ್ತು ನಾಲ್ಕು ಹೆಕ್ಸ್ ಅಂಕಿ ಕಂಡರೆ ಅನ್‌ಎಸ್ಕೇಪ್() ಕಡೆಗೆ, ಇಲ್ಲದಿದ್ದರೆ ಹೊಸದರ ಕಡೆಗೆ ತಿರುಗಿಸಿ. ಒಂದೇ ಪದಕ್ಕೆ ಎರಡನ್ನೂ ಒಂದರ ಮೇಲೊಂದು ಓಡಿಸಬೇಡಿ. ‘50%’ ಎಂದು ಹುಡುಕಿದವರ ಕೊಂಡಿ ಅಲ್ಲೇ ಮುರಿಯುತ್ತದೆ.